ಪರದೆಯ ಪಕ್ಕ ನಿಂತವನ ದನಿ

ಗಂಡನ ಮೇಲೆ ನನಗೆ ಸಿಟ್ಟು ಬಂದದ್ದು ಬೇಕಾದಷ್ಟು ಸಲ. ಸಂಜೆಯ ಕಾಫಿ ಹೊತ್ತಿಗೆ ಅದು ಇಳಿಯುವುದೂ ವಾಡಿಕೆ. ಆದರೆ ಕೊರೊನಾ ಕಾಲದ ಆ ಭಾನುವಾರದ ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂದು ನಾನು ಪ್ರಯತ್ನಿಸಿಯೂ ಇಲ್ಲ.

ಆಗ ನಾವು ಜಪಾನಿನ ತ್ಸುಕುಬಾದಲ್ಲಿದ್ದೆವು. ಪಕ್ಕದ ಮನೆಯಲ್ಲಿ ಉಗಾಂಡಾದ ಹೆಂಗಸೊಬ್ಬಳಿದ್ದಳು. ವಿಶ್ವವಿದ್ಯಾಲಯದಲ್ಲಿ ಬೆಳೆಗಳ ರೋಗದ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ನಮ್ಮಿಬ್ಬರ ಬಾಲ್ಕನಿಗಳ ನಡುವೆ ಒಂದು ತೆಳು ಹಲಗೆ ಮಾತ್ರ. ಅವಳ ಲ್ಯಾಬ್ ಮುಚ್ಚಿದ ಮೇಲೆ ಅದರ ಆಚೆ ಅವಳು, ಈಚೆ ನಾನು, ಮಾಸ್ಕ್ ಹಾಕಿಕೊಂಡು ಬಟ್ಟೆ ಒಣಗಿಸುತ್ತ ಹರಟುತ್ತಿದ್ದೆವು. ಆ ವಸಂತದಲ್ಲಿ ಅವಳ ಅಪ್ಪ ಊರಿನಲ್ಲಿ ತೀರಿಕೊಂಡರು. ದೇಶ ಬಿಟ್ಟು ಹೊರಗೆ ಹೋದ ವಿದೇಶಿಯರನ್ನು ಜಪಾನ್ ಆಗ ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಇಲ್ಲೇ ಮನೆ, ಇಲ್ಲೇ ತೆರಿಗೆ, ಆದರೂ ಬಾಗಿಲು ಬಂದ್. ವಿಮಾನ ಹತ್ತಿದ್ದರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು. ಅವಳು ಅಪ್ಪನ ಮಣ್ಣಿಗೆ ಹೋಗಲಿಲ್ಲ.

ಅಪ್ಪ ಏನು ಮಾಡುತ್ತಿದ್ದರು ಎಂದು ಕೇಳಿದೆ. ಸಿನಿಮಾ ಹೇಳುತ್ತಿದ್ದರು ಎಂದಳು. ನನಗೆ ಅರ್ಥವಾಗಲಿಲ್ಲ. ಆಮೇಲೆ ಎಷ್ಟೋ ಮಧ್ಯಾಹ್ನ ಅವಳು ಅದನ್ನೇ ಬಿಡಿಸಿ ಹೇಳಿದಳು. ಬ್ರಿಟಿಷರ ಕಾಲದಲ್ಲಿ ಅವಳ ದೇಶದ ಹಳ್ಳಿಗಳಿಗೆ ವ್ಯಾನಿನಲ್ಲಿ ಸಿನಿಮಾ ಬರುತ್ತಿತ್ತಂತೆ. ಕೈ ತೊಳೆಯಿರಿ, ಹತ್ತಿ ಬೆಳೆಯಿರಿ ಎನ್ನುವಂಥವು. ಭಾಷೆ ಬಾರದ ಜನಕ್ಕೆ ಒಬ್ಬ ಪರದೆಯ ಪಕ್ಕ ನಿಂತು ವಿವರಿಸುತ್ತಿದ್ದ. ಪಟ್ಟಣಗಳ ಥಿಯೇಟರುಗಳು ಬಹುಪಾಲು ಭಾರತೀಯರ ಕೈಯಲ್ಲಿದ್ದವು. ಒಬ್ಬ ಸೇನಾಧಿಕಾರಿ ಗದ್ದುಗೆ ಹಿಡಿದು ಅವರನ್ನೆಲ್ಲ ಓಡಿಸಿದ, ಥಿಯೇಟರುಗಳು ಪಾಳುಬಿದ್ದವು. ಆಮೇಲೆ ವಿಡಿಯೊ ಕ್ಯಾಸೆಟ್ಟಿನ ಕಾಲ. ತಗಡಿನ ಶೆಡ್ಡು, ಒಂದು ಟೀವಿ, ಬೆಂಚುಗಳು, ಮೈಕು ಹಿಡಿದ ಒಬ್ಬ ಮನುಷ್ಯ. ಅವನು ಇಂಗ್ಲಿಷ್, ಚೀನಿ, ಹಿಂದಿ ಚಿತ್ರಗಳನ್ನು ಲುಗಾಂಡಾ ಭಾಷೆಯಲ್ಲಿ ಹೇಳುತ್ತಿದ್ದ. ಬರೀ ಅನುವಾದವಲ್ಲ. ಖಳನಾಯಕನಿಗೆ ಬೈಯುತ್ತಿದ್ದ, ನಾಯಕಿಗೆ ಬುದ್ಧಿ ಹೇಳುತ್ತಿದ್ದ, ಸ್ಥಳೀಯ ಪುಢಾರಿಯನ್ನೂ ಕಥೆಯೊಳಗೆ ಎಳೆದು ತರುತ್ತಿದ್ದ. ಜನ ಬರುತ್ತಿದ್ದದ್ದೇ ಅವನಿಗಾಗಿ. ಮುಂದೆ ಕೊಳೆಗೇರಿಯವರು ತಾವೇ ಕ್ಯಾಮೆರಾ ಹಿಡಿದು ತಮ್ಮದೇ ಭಾಷೆಯಲ್ಲಿ ಸಿನಿಮಾ ಮಾಡಿದಾಗಲೂ ಆ ದನಿಯನ್ನು ಮೇಲೆ ಸೇರಿಸಿದರು. ಅದಿಲ್ಲದಿದ್ದರೆ ಉಪ್ಪಿಲ್ಲದ ಸಾರು. ಅವಳ ಅಪ್ಪ ಅಂಥ ದನಿಗಳಲ್ಲೊಬ್ಬರು.

ನಮ್ಮಲ್ಲಿ ವಿದೇಶಿಯರಿಗೂ ಸ್ಥಳೀಯರಿಗೂ ಸೇರಿ ಒಂದು ಸ್ನೇಹಕೂಟವಿತ್ತು. ಕೊರೊನಾ ಬಂದ ಮೇಲೆ ಅದು ಆನ್‌ಲೈನಿನಲ್ಲಿ ತಿಂಗಳಿಗೊಂದು ದೇಶದ ಸಿನಿಮಾ ತೋರಿಸುತ್ತಿತ್ತು. ಉಗಾಂಡಾದ ಸರದಿ ಬಂದಾಗ ಅವಳು ಅಪ್ಪನ ದನಿಯಿರುವ ಚಿತ್ರವೊಂದನ್ನು ಕೊಟ್ಟಳು. ಮಣ್ಣು ಹಾಕಲಂತೂ ಆಗಲಿಲ್ಲ, ನಾಲ್ಕು ಜನರೆದುರು ಅವರ ಮಾತಾದರೂ ಕೇಳಿಸಲಿ, ಜನ ನಗಲಿ ಎಂದಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೇ ಅವಳು ಅಪ್ಪನಿಗೆ ಮಾಡುವ ತಿಥಿ.

ಇಂಥ ಕೂಟಗಳಿಗೆ ಟೆಕ್ನಿಕಲ್ ಸಪೋರ್ಟಿಗೆ ನಮ್ಮವನೊಬ್ಬ ಇರಲೇಬೇಕಲ್ಲ. ಇಲ್ಲಿ ನನ್ನ ಗಂಡನೇ ಇದ್ದ. ಮೈಸೂರಿನವನು, ಸಾಫ್ಟ್‌ವೇರಿನವನು, ಮುಟ್ಟಿದ್ದನ್ನೆಲ್ಲ ಸರಿಪಡಿಸದೆ ಬಿಡದವನು. ಪ್ರದರ್ಶನದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಹೆಮ್ಮೆಯಿಂದ ನನ್ನನ್ನು ಕರೆದ.

“ಮೇಲೆ ಯಾವನೋ ಕಾಮೆಂಟ್ರಿ ಹೊಡೀತಿದ್ದ ಕಣೇ, ಪೈರೇಟೆಡ್ ಕಾಪಿ ಅನ್ಸುತ್ತೆ. ಆ ವಾಯ್ಸ್ ಪೂರ್ತಿ ತೆಗ್ದಿದೀನಿ. ಕೇಳು, ಬೆಣ್ಣೆಯಿಂದ ಕೂದ್ಲು ತೆಗ್ದಂಗಿದೆ.”

ಆ ಯಾವನೋ ಯಾರೆಂದು ಹೇಳಿದೆ. ಅವನ ಮುಖ ಸ್ವಲ್ಪ ಸಣ್ಣದಾಯಿತು, ಅಷ್ಟೇ. ಮೂಲದ ಪ್ರತಿ ಅವನ ಬಳಿಯೇ ಇತ್ತು, ಅದನ್ನೇ ಹಾಕಿದರೆ ಮುಗಿಯುತ್ತಿತ್ತು. ಇಲ್ಲ, ಕೂಟದ ಅಧ್ಯಕ್ಷರನ್ನು ಕೇಳಬೇಕಂತೆ.

ಅಧ್ಯಕ್ಷರು ನಿವೃತ್ತ ಮೇಷ್ಟರು, ಬಲು ಮೃದು ಮಾತಿನ ಜಪಾನಿ ಮುದುಕರು. ಮಧ್ಯಾಹ್ನವೇ ಆನ್‌ಲೈನ್ ಸಭೆ ಸೇರಿತು. ನಿಮ್ಮ ದೇಶದಲ್ಲೂ ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುವವರಿದ್ದರಲ್ಲ, ಅವರನ್ನು ಇಂದಿಗೂ ಗೌರವಿಸುತ್ತೀರಲ್ಲ ಎಂದೆ. ಅವರು ತಲೆ ಓರೆ ಮಾಡಿ ಹಲ್ಲುಗಳ ನಡುವೆ ಉಸಿರೆಳೆದುಕೊಂಡರು.

“ಅದು ಕಲೆ. ಇದು... ಚೊಟ್ಟೊ.”

ಚೊಟ್ಟೊ ಎಂದರೆ ಸ್ವಲ್ಪ. ಈ ದೇಶದಲ್ಲಿ ಸ್ವಲ್ಪ ಎಂದು ಹೇಳಿ ಸುಮ್ಮನಾದರೆ, ಖಂಡಿತ ಬೇಡ ಎಂದರ್ಥ. ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ನನ್ನ ಗಂಡ. ಸಾಲದ್ದಕ್ಕೆ ಪರಿಚಯದ ಸ್ಲೈಡಿನಲ್ಲಿ ಆ ದೇಶದ ಚಿತ್ರರಂಗ ಕಟ್ಟಿದವರು ಭಾರತೀಯರು ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದ. ನನ್ನ ಮೈ ಉರಿಯಿತು. ನಮ್ಮವರು ಟಿಕೆಟ್ ಮಾರಿದ್ದು ನಿಜ, ಉಟ್ಟ ಬಟ್ಟೆಯಲ್ಲಿ ದೇಶ ಬಿಟ್ಟದ್ದೂ ನಿಜ. ಹಾಗೆಂದು ಅವಳ ಅಪ್ಪನನ್ನು ಅಳಿಸಿ ಆ ಜಾಗದಲ್ಲಿ ನಮ್ಮ ಬೋರ್ಡು ತೂಗುಹಾಕುವುದೇ? ಹೇಳಿದೆ. ಅಧ್ಯಕ್ಷರು ಮತ್ತೆ ಚೊಟ್ಟೊ ಎಂದರು. ಸಭೆಯಲ್ಲಿದ್ದ ಅವಳು ಸರಿ ಎಂದು ತಲೆ ಬಾಗಿಸಿದಳು.

ಮರುದಿನ ಮಧ್ಯಾಹ್ನ ಗಂಡ ಕೋಣೆಯಲ್ಲಿ ಕೂತು ಕಾರ್ಯಕ್ರಮ ನಡೆಸುತ್ತಿದ್ದ, ನಾನು ಹಾಲ್‌ನಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದೆ. ಚಿತ್ರ ಶುರುವಾದ ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಅವಳ ದನಿ ಬಂತು. ಅಪ್ಪನ ಜಾಗದಲ್ಲಿ ಅವಳೇ ಹೇಳುತ್ತಿದ್ದಳು. ಬೈಯುತ್ತಿದ್ದಳು, ಅಣಕಿಸುತ್ತಿದ್ದಳು, ಗುಂಡು ಹಾರಿದಾಗ ಬಾಯಲ್ಲೇ ಇನ್ನೊಂದು ಗುಂಡು ಹಾರಿಸುತ್ತಿದ್ದಳು. ಒಂದು ಪದವೂ ತಿಳಿಯದೆ ನಾನು ನಕ್ಕೆ. ಚಿತ್ರ ಮುಗಿಯಲು ಸ್ವಲ್ಪವೇ ಇದೆ ಎನ್ನುವಾಗ ಗೊತ್ತಾಯಿತು, ಲ್ಯಾಪ್‌ಟಾಪಿನಲ್ಲಿ ಅವಳ ದನಿಯೇ ಇಲ್ಲ.

ಕೋಣೆಗೆ ನುಗ್ಗಿದೆ.

“ಬ್ಯಾಕ್‌ಗ್ರೌಂಡ್ ನಾಯ್ಸ್ ಬರ್ತಿದೆ ಅಂತ ಅಧ್ಯಕ್ಷರು ಮೆಸೇಜ್ ಮಾಡಿದ್ರು, ಮ್ಯೂಟ್ ಮಾಡ್ದೆ,” ಎಂದ. “ಅವ್ಳು ಫುಲ್ ಸ್ಕ್ರೀನಲ್ಲಿದಾಳೆ, ಗೊತ್ತಾಗಲ್ಲ ಬಿಡು.”

ಗೊತ್ತಾಗಲ್ಲ ಬಿಡು! ಮ್ಯೂಟ್ ತೆಗಿ ಎಂದೆ, ತೆಗೆಯಲಿಲ್ಲ. ನಾನೇ ಕೈ ಚಾಚಿದರೆ ಕೈ ಅಡ್ಡ ಇಟ್ಟ. ಅವನ ಮೈಕು ಆನ್ ಇದ್ದಿದ್ದರೆ ಇಡೀ ಕೂಟಕ್ಕೆ ಕೇಳುವಂತೆ ಕೂಗಿಬಿಡುತ್ತಿದ್ದೆ. ಅದನ್ನೂ ಜಾಣ ಆಫ್ ಮಾಡಿಕೊಂಡಿದ್ದ. ಅಲ್ಲೇ ಜಗಳ ಆಡಿದೆವು. ಅಷ್ಟರಲ್ಲಿ ಚಿತ್ರ ಮುಗಿಯಿತು. ಪರದೆಯ ತುಂಬ ಸದ್ದಿಲ್ಲದ ಚಪ್ಪಾಳೆಗಳು, ಅರಿಗಾತೋ ಎನ್ನುವ ಧನ್ಯವಾದಗಳು.

ಬಾಲ್ಕನಿಯ ಹಲಗೆ ಬಡಿದ ಸದ್ದಾಯಿತು. ಹೋಗಿ ನೋಡಿದರೆ ಅವಳು ಕಂಬಿಯ ಮೇಲೆ ಬಾಗಿ ಈ ಕಡೆ ಇಣುಕುತ್ತಿದ್ದಳು. ಹಣೆ ಬೆವೆತಿತ್ತು. ಅಪ್ಪ ಹೋದ ಮೇಲೆ ಅವಳ ಮುಖ ಅಷ್ಟು ಗೆಲುವಾಗಿದ್ದದ್ದನ್ನು ನಾನು ನೋಡಿರಲಿಲ್ಲ.

“ನಕ್ಕರಾ?” ಎಂದಳು.

ಒಳಗೆ ಹೋಗಿ ಗಂಡನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದು, ನೀನೇ ಹೇಳು ಎಂದೆ. ಅವನು ಮೊದಲು ಸುಮಿಮಾಸೆನ್ ಎಂದು ಜಪಾನಿಯಲ್ಲಿ ಕ್ಷಮೆ ಕೇಳಿದ, ಆಮೇಲೆ ಇಂಗ್ಲಿಷಿನಲ್ಲಿ ತಡವರಿಸುತ್ತ, ಶುರುವಿನಲ್ಲೇ ದನಿ ನಿಲ್ಲಿಸಿದ್ದನ್ನು ಹೇಳಿದ. ಅವಳು ಕಿರುಚಲಿಲ್ಲ, ಅಳಲಿಲ್ಲ. ಮಾಸ್ಕನ್ನು ಮೂಗಿನ ಮೇಲೆ ಸರಿಮಾಡಿಕೊಂಡಳು.

“ನಾನು ಹೇಳಿದ್ದರಲ್ಲಿ ಯಾವ ಮಾತು ಚೆನ್ನಾಗಿರಲಿಲ್ಲ?” ಎಂದು ಕೇಳಿದಳು. “ಅಪ್ಪ ದಿನವೂ ಜನರನ್ನು ಕೇಳುತ್ತಿದ್ದರು. ಕೇಳಿ ತಿದ್ದಿಕೊಳ್ಳುತ್ತಿದ್ದರು.”

ಅದು ಚುಚ್ಚುಮಾತಲ್ಲ. ನಿಜಕ್ಕೂ ಕೇಳುತ್ತಿದ್ದಳು. ಗಂಡ ನನ್ನ ಮುಖ ನೋಡಿದ. ಅವನು ಮಾತಿಗೆ ತಡಕಾಡಿದಾಗಲೆಲ್ಲ ನಾನು ನಡುವೆ ಬಾಯಿ ಹಾಕಿ ಉಳಿಸುತ್ತೇನೆ, ಅದು ನಮ್ಮ ಸಂಸಾರದ ರೂಢಿ. ಅಂದು ನಾನು ಬಾಯಿ ಬಿಡಲಿಲ್ಲ. ಅವಳು ಕಾಯುತ್ತ ನಿಂತಳು. ಅಪ್ಪನದಾಗಲಿ ಮಗಳದಾಗಲಿ, ಒಂದು ಮಾತನ್ನೂ ಅವನು ಕೇಳಿಸಿಕೊಂಡಿರಲಿಲ್ಲ.