ಬಸಣ್ಣನನ್ನು ಬಿಟ್ಟು ಬನ್ನಿ ಎಂದೆ

ಗೆಳೆಯರೇ, ಇವತ್ತು ಬೈಲಹೊಂಗಲದಲ್ಲಿ ಮಂಗಳಾರತಿ ಮಾಡಿಸಿಕೊಂಡೆ. ನಮ್ಮೂರ ರಾಕ್ ಬ್ಯಾಂಡಿನ ನಾಲ್ವರೂ ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಒಟ್ಟಿಗೆ ನುಡಿಸುತ್ತಿದ್ದಾರೆ, ಒಬ್ಬರೂ ಬದಲಾಗಿಲ್ಲ. ನಮ್ಮ ಸಂಘದ ಕಾರ್ಮಿಕರ ಸಭೆಯಲ್ಲಿ ನುಡಿಸಲು ಅವರನ್ನು ಕರೆಯಲು ಹೋಗಿ, "ಡ್ರಮ್ ಬಾರಿಸೋ ಬಸಣ್ಣ ಬ್ಯಾಡ್ರಿ. ಅಂವ ಫ್ಯಾಕ್ಟರಿ ಮಾಲಕರ ಕಾರ್ ಹೊಡೀತಾನ. ನೀವು ಮೂರು ಮಂದಿ ಬರ್ರಿ" ಎಂದೆ. ಬಸಣ್ಣ ಪಕ್ಕದಲ್ಲೇ ಕೂತು ಡ್ರಮ್ಮಿನ ತಿರುಪು ಬಿಗಿಯುತ್ತಿದ್ದರು.

ಗಿಟಾರಿನ ರಫೀಕಣ್ಣ ನಕ್ಕರು. "ಬಂದ್ರ ನಾಲ್ಕೂ ಮಂದಿ, ಇಲ್ಲಾಂದ್ರ ಯಾರೂ ಇಲ್ಲ. ಅದಿರ್ಲಿ ತಮ್ಮಾ, ಹ್ವಾದ ವರ್ಷ ನಿಮ್ಮ ಸಂಘದಾಗ ಭಾಳ ಮಂದಿ ಇದ್ರಲ್ಲ, ಎಲ್ಲಿ ಅದಾರ?"

ಸಿದ್ಧಾಂತನಿಷ್ಠೆ ಸಾಲದೆಂದು ಅವರನ್ನೆಲ್ಲ ಒಬ್ಬೊಬ್ಬರಾಗಿ ಹೊರಹಾಕಿದವನು ನಾನೇ.

"ಕುರ್ಚಿ ಹಾಕಾಕ ಯಾರೂ ಇಲ್ಲಂದ್ರ ನಾ ಬರ್ತೇನಿ ಬಿಡು" ಎಂದರು ಬಸಣ್ಣ.

ಕೊಡಲೆಂದು ತಂದಿದ್ದ ಕರಪತ್ರವನ್ನು ಮಡಚಿ ಜೇಬಿಗಿಟ್ಟೆ. ತಲೆಬರಹ 'ಒಗ್ಗಟ್ಟಾಗಿರೋಣ'. ಬರೆದವನೂ ನಾನೇ, ಹಂಚುವವನೂ ನಾನೇ, ಸಂಘದಲ್ಲಿ ಉಳಿದವನೂ ನಾನೊಬ್ಬನೇ.