ಖಸಬಿಗೆಂದು ತುಂಬಿದ ಸಾಮಾನು

ಮಕ್ಕಳೇ, ಇವತ್ತು ಬೆಳಿಗ್ಗೆ ಇಲ್ಲಿ, ಈ ಕೊಲ್ಲಿ ದೇಶದ ಉತ್ತರ ತುದಿಯ ಖಸಬಿನ ಕಡಲ ಬದಿಯಲ್ಲಿ ನಿಮ್ಮಪ್ಪ ಪಿಕಪ್ಪಿನ ಹಿಂದಿನ ಕೊಂಡಿಗೆ ಗ್ರೀಸ್ ಹಚ್ಚುತ್ತಿದ್ದ. ಆ ವಾಸನೆಗೆ ಕೈಯಲ್ಲಿದ್ದ ಚಹಾ ಕುಡಿಯಲು ಮರೆತೆ. ನಿಮ್ಮ ಅಜ್ಜನ ಅಂಗಿಗಳಿಗೆಲ್ಲ ಅದೇ ವಾಸನೆ. ಎಷ್ಟು ಒಗೆದರೂ ಹೋಗದೆಂದು ಗೊಣಗುತ್ತಿದ್ದೆ.

ಕೆಲಸ ಬಿಡುವ ವರ್ಷ ಅಜ್ಜ ಹಳೆಯದೊಂದು ಕ್ಯಾಂಪರ್ ಕೊಂಡು ಪಿಕಪ್ಪಿನ ಬೆನ್ನ ಮೇಲೆ ಕೂರಿಸಿದರು. ಮಲಗಲು ಮಂಚ, ಹಿಂತುದಿಯಲ್ಲಿ ಪುಟ್ಟ ಅಡುಗೆಮನೆ. ಅದರ ಹಿಂದೆ ಟ್ರೇಲರಿನ ಮೇಲೆ ನಮ್ಮ ಸಣ್ಣ ಕಾರು. ವೀಸಾ ಮುಗಿಯುವ ಮೊದಲು ನನಗೆ ಖಸಬ್ ತೋರಿಸಬೇಕೆಂದು ಅವರ ಆಸೆ. ಈ ದೇಶದಲ್ಲಿ ಅಷ್ಟು ವರ್ಷವಿದ್ದೂ ನಾನು ಕಂಡದ್ದು ರಾಜಧಾನಿಯ ಅಲ್ ಗುಬ್ರಾದ ಫ್ಲ್ಯಾಟು, ನಿಮ್ಮಪ್ಪನ ಶಾಲೆ, ತರಕಾರಿ ಅಂಗಡಿ.

ಹಳ್ಳಿ ಶಾಲೆಯಲ್ಲಿ ಓದಿದ ನನಗೂ ಅರ್ಥವಾಗುವಂತೆ ಅಜ್ಜ ಹೇಳಿದ್ದರು: ಎತ್ತಿನ ಹೆಗಲ ಮೇಲೆ ನೊಗ ಕೂತಂತೆ ಟ್ರೇಲರಿನ ಮೂತಿ ಕೊಂಡಿಯ ಮೇಲೆ ಕೂರಬೇಕು. ಭಾರ ಹೆಚ್ಚಾದರೆ ಪಿಕಪ್ಪಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳು ನೆಲ ಹಿಡಿಯುವುದಿಲ್ಲ. ಕಡಿಮೆಯಾದರೆ ಟ್ರೇಲರು ಬಾಲ ಅಲ್ಲಾಡಿಸುತ್ತದೆ. ಕಾರನ್ನು ಹಿಂದೆ ಮುಂದೆ ಸರಿಸಿ ಅವರು ಆ ಹದ ಹಿಡಿಯುತ್ತಿದ್ದರು.

ಪ್ರತಿ ಶುಕ್ರವಾರ ಹದ ಬಂತು ಎನ್ನುವಾಗ ನಾನು ಫ್ಲ್ಯಾಟಿನಿಂದ ಇಳಿದು ಬರುತ್ತಿದ್ದೆ, ಕುಚ್ಚಲಕ್ಕಿ, ತೆಂಗಿನಕಾಯಿ, ಗ್ರೈಂಡರು, ನೀರಿನ ಕ್ಯಾನುಗಳೊಂದಿಗೆ. ಎಲ್ಲವೂ ಆ ಹಿಂದಿನ ಅಡುಗೆಮನೆಗೆ. ಪಿಕಪ್ಪು ಮತ್ತೆ ಕುಕ್ಕರಿಸುತ್ತಿತ್ತು.

"ಅಷ್ಟೆಲ್ಲ ಬೇಕಾ ಮಾರಾಯ್ತಿ?"

"ಅಲ್ಲಿ ಎಂತ ಸಿಗ್ತದೆ? ನಿಮಗೆ ಗಂಜಿ ಇಲ್ಲದೆ ಆಗ್ತದಾ?"

"ಆಗುದಿಲ್ಲಪ್ಪ," ಎಂದು ನಕ್ಕು, ಕಾರಿನ ಕಟ್ಟು ಬಿಚ್ಚಿ ಇನ್ನೊಂದು ಗೇಣು ಹಿಂದಕ್ಕೆ ಸರಿಸುತ್ತಿದ್ದರು.

ಕೆಳಗಿನ ಮನೆಯ ಹಮೀದ್ ಬ್ಯಾರಿಗಳು ಶುಕ್ರವಾರದ ನಮಾಜು ಮುಗಿಸಿ ಬರುವಾಗ ಕೇಳುವರು: "ಎಂತ ಅಣ್ಣ, ಖಸಬಿಂದ ಯಾವಾಗ ಬಂದದ್ದು?"

"ಹೋಗ್ಲಿಕ್ಕೇ ಉಂಟಲ್ಲ ಹಮೀದ್!"

ನನಗೋ ನಾಚಿಕೆ. ಅವರು ಹೋಗುವವರೆಗೆ ಕ್ಯಾಂಪರಿನೊಳಗೆ ಡಬ್ಬಿ ಜೋಡಿಸುತ್ತ ಕೂರುತ್ತಿದ್ದೆ.

ಕೊನೆಗೂ ಹೊರಟೆವು. ದಾರಿಯಲ್ಲಿ ಸಹಮ್ ಎಂಬ ಊರಿನ ಹತ್ತಿರ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದದ್ದೇ ತಡ, ಟ್ರೇಲರು ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗಿತು. ಅಜ್ಜ ವೇಗವನ್ನು ಮೆಲ್ಲಮೆಲ್ಲಗೆ ಇಳಿಸಿ ಬದಿಗೆ ತಂದು ನಿಲ್ಲಿಸಿದರು. ಇಳಿದು ಹೋಗಿ ಕೊಂಡಿ ನೋಡಿ ಬಂದರು.

"ಮೂತಿ ಹಗುರ ಆಯ್ತು. ಹಿಂದಿನ ಸಾಮಾನು ಇಳಿಸಿ ಕಾರು ಮುಂದೆ ತಂದ್ರೆ ಇನ್ನೂ ಹೋಗ್ಬಹುದು."

"ಇಳಿಸಿ ಎಂತ ಮಾಡುದು? ದಾರಿಯಲ್ಲಿ ಬಿಸಾಡುದಾ?"

ಅವರು ಮೂಟೆಗಳನ್ನು ನೋಡಿದರು, ನನ್ನನ್ನು ನೋಡಿದರು. "ಖಲಾಸ್. ಮುಂದಿನ ವಾರ ನೋಡುವ."

ಮುಂದಿನ ವಾರ ಸೆಕೆ ಶುರುವಾಯಿತು. ಸೆಕೆ ಇಳಿಯುವ ಮೊದಲೇ ಅವರಿಗೆ ಎದೆನೋವು ಬಂತು. ಆಸ್ಪತ್ರೆಯಿಂದ ಅವರು ಮನೆಗೆ ಬರಲಿಲ್ಲ.

ಇವತ್ತು ಮಧ್ಯಾಹ್ನ ಇಲ್ಲೇ ಖಸಬಿನಲ್ಲಿ ನಿಮ್ಮನ್ನು ಐಸ್‌ಕ್ರೀಮಿಗೆ ಕರೆದೊಯ್ದೆನಲ್ಲ, ಆ ಅಂಗಡಿಯ ಮೂಲೆಯಲ್ಲಿ ಕುಚ್ಚಲಕ್ಕಿಯ ಚೀಲಗಳಿದ್ದವು, ಬುಟ್ಟಿ ತುಂಬ ತೆಂಗಿನಕಾಯಿ. ಪರಿಚಯವಿಲ್ಲದವರೊಡನೆ ಮಾತಾಡದ ನಾನು ಅಂಗಡಿಯವರನ್ನು ಕೇಳಿಯೇಬಿಟ್ಟೆ, ಇದನ್ನೆಲ್ಲ ಈಗೀಗ ತರಿಸುತ್ತಿದ್ದೀರಾ ಎಂದು.

ಅವರು ಕಾಸರಗೋಡಿನವರು. "ಇಲ್ಲಮ್ಮ, ನಮ್ಮ ಅಪ್ಪನ ಕಾಲದಿಂದ ಉಂಟು," ಎಂದರು.

"ಅಜ್ಜಿ, ವೈ ಆರ್ ಯು ಕ್ರೈಯಿಂಗ್?" ಎಂದು ನೀವು ಕೇಳಿದಿರಿ. ಬಿಸಿಲು ಎಂದೆ. ಬಿಸಿಲಲ್ಲ, ಮಕ್ಕಳೇ.