ಸೊನ್ನೆ ಬಂದ ಮಧ್ಯಾಹ್ನ

ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಆಕೆಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಎದುರಿಗೆ ಮಾತ್ರ ಎಲ್ಲರಿಗೂ ಅಕ್ಕ. ಇಪ್ಪತ್ತೆರಡನೇ ವಯಸ್ಸಿಗೆ ರೋಗಿಗಳ ಹೆಸರು, ವಿಳಾಸ ಟೈಪು ಮಾಡುವ ಕೆಲಸಕ್ಕೆ ಸೇರಿದವಳು, ಐವತ್ತಾರು ತುಂಬುವ ಹೊತ್ತಿಗೆ ಅಲ್ಲಿನ ಹಳೆಯ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಯಂತ್ರದ ನಾಡಿ ಬಲ್ಲ ಕೊನೆಯ ಇಬ್ಬರಲ್ಲಿ ಒಬ್ಬಳಾಗಿದ್ದಳು. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಊಟದ ಬಿಡುವಿನಲ್ಲಿ ಕೈಪಿಡಿ ಓದಿ, ತಪ್ಪು ಮಾಡಿ, ಬೈಸಿಕೊಂಡು ಕಲಿತದ್ದು. ಮಾಡಿದ್ದನ್ನು ಮತ್ತೆ ಮತ್ತೆ ಪರೀಕ್ಷಿಸಿ ನೋಡುವ ಚಾಳಿ ಮನೆಯಲ್ಲೂ ಇತ್ತು. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವ ಸೊಸೆಯನ್ನು ಕಂಡು ಅತ್ತೆ, "ಬಾಗಿಲಿಗೂ ಸಾಕಾಗಿದೆ ಕಣೆ, ಬಿಡು ಅದನ್ನ" ಎನ್ನುತ್ತಿದ್ದರು.

ಆಕೆಯ ಹೆಚ್ಚುಗಾರಿಕೆ ಎಂದರೆ ಮ್ಯಾಕ್ರೊಗಳು. ಕಡತ ತಿದ್ದುವ ಎಡಿಟರಿನಲ್ಲಿ ಒಂದು ಕಡತ ತೆರೆದು ಕೈಯಿಂದ ಮಾಡಿದರೆ ವಾರ ಹಿಡಿಯುವ ಕೆಲಸವನ್ನು, ಒಂದು ಪದ ಟೈಪಿಸಿದರೆ ಮುಗಿಸಿಕೊಡುವ ಪುಟ್ಟ ಸ್ಕ್ರಿಪ್ಟುಗಳು ಅವು. ತೆರೆದ ಕಡತದೊಳಗಿದ್ದುಕೊಂಡೇ ಹೊರಗಿನ ಇನ್ನೊಂದು ಕಡತವನ್ನು ಓದಿ, ಎರಡನ್ನೂ ತಾಳೆ ನೋಡುವುದನ್ನು ಅವಕ್ಕೆ ಕಲಿಸಿದವಳು ಆಕೆಯೇ.

ಒಂದು ಮಧ್ಯಾಹ್ನ ಎರಡೂವರೆಗೆ ಔಷಧ ಉಗ್ರಾಣದ ಮುಖ್ಯಸ್ಥ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ನೆಲಮಾಳಿಗೆ ಬಿಟ್ಟು ಮೇಲೆ ಬಾರದ ದಪ್ಪ ಆಸಾಮಿ. ಅವನನ್ನು ಕಂಡಾಗಲೇ ಏನೋ ಎಡವಟ್ಟಾಗಿದೆ ಎಂದು ಆಕೆಗೆ ಹೊಳೆಯಿತು.

"ಅಕ್ಕ, ಹೃದಯದ ಮಾತ್ರೆ ಒಂಬತ್ತು ಬ್ಯಾಚು ಕೆಟ್ಟಿದೆ. ತಯಾರಿಸಿದವರಿಂದ ಈಗಷ್ಟೇ ಪತ್ರ ಬಂತು. ಒಂದು ಮಾತ್ರೇಲಿ ಹತ್ತು ಮಾತ್ರೆಯಷ್ಟು ಔಷಧ ಇದೆಯಂತೆ."

"ಯಾರಿಗಾದ್ರೂ ಕೊಟ್ಟಿದ್ದೀರಾ?"

"ಅದೇ ಗೊತ್ತಾಗ್ಬೇಕು. ಒಂಬತ್ತೂ ನಂಬರು ನಮ್ಮ ಕಡತಕ್ಕೆ ಹಾಕಿಸಿದ್ದೀನಿ. ಯಾರಿಗೆ ಯಾವ ಬ್ಯಾಚು ಹೋಯ್ತು ಅನ್ನೋದು ನಿಮ್ಮ ಹತ್ರ ಇದೆಯಲ್ಲ. ಆರು ಗಂಟೆಗೆ ಜನ ಸಂಜೆ ಮಾತ್ರೆ ತಗೋತಾರೆ, ಅಷ್ಟರೊಳಗೆ ಹೇಳಿ."

ಆಕೆ ವಿತರಣೆಯ ಕಡತ ತೆರೆದಳು. ಎರಡು ತಿಂಗಳದ್ದು, ನಲವತ್ತೆಂಟು ಸಾವಿರ ಸಾಲು. ಹೊರಗಿನಿಂದ ಓದಬೇಕಾದ, ಒಂಬತ್ತು ನಂಬರಿದ್ದ ಉಗ್ರಾಣದ ಕಡತದ ಹೆಸರನ್ನು ಮ್ಯಾಕ್ರೊದಲ್ಲಿ ಸರಸರನೆ ಬರೆದು ಓಡಿಸಿದಳು. ಅರ್ಧ ನಿಮಿಷ. ಪರದೆಯ ಮೇಲೆ ಉತ್ತರ ಬಂತು: ಹೊಂದಿಕೆಯಾದ ಸಾಲುಗಳು 0.

"ಹೋದ ಜೀವ ಬಂದಂಗಾಯ್ತು" ಎನ್ನುತ್ತ ಮುಖ್ಯಸ್ಥ ಕೆಳಗಿಳಿದು ಹೋದ. ವಿಭಾಗದ ಅಧಿಕಾರಿಯೂ ಬಂದು ನೋಡಿ, ಮೇಲಿನವರಿಗೆ ತಿಳಿಸಲು ಹೊರಟುಹೋದರು.

ಆಕೆಗೆ ಮಾತ್ರ ಸಮಾಧಾನವಾಗಲಿಲ್ಲ. ಒಂಬತ್ತು ಬ್ಯಾಚು, ಮೂರು ದಿನದಿಂದ ಉಗ್ರಾಣದಲ್ಲಿ ಇರುವಂಥವು, ಒಬ್ಬರಿಗೂ ಹೋಗಿಲ್ಲವೆಂದರೆ ಹೇಗೆ? ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿದಂತೆ ಆ ಸೊನ್ನೆ ಕಾಡತೊಡಗಿತು. ಹೊರಗಿನ ಕಡತದಿಂದ ಎಷ್ಟು ಸಾಲು ಓದಿದೆ ಎಂದು ಹೇಳುವಂತೆ ಮ್ಯಾಕ್ರೊಗೆ ಇನ್ನೊಂದು ಸಾಲು ಸೇರಿಸಿ ಮತ್ತೆ ಓಡಿಸಿದಳು.

ಹನ್ನೆರಡು.

ಪತ್ರದಲ್ಲಿದ್ದದ್ದು ಒಂಬತ್ತು. ತಾನು ಬರೆದ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು. ಕಡತದ ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ಇಲ್ಲದಿದ್ದರೆ ಯಂತ್ರ ಆ ಹೆಸರಿನ ಮೊದಲಿಗೆ, ಅದನ್ನು ಬರೆದವರ ಗುರುತಿನ ಪದವನ್ನು ತಾನೇ ಅಂಟಿಸಿಕೊಂಡು, ಅವರ ಸ್ವಂತ ಕಡತವನ್ನು ಹುಡುಕುತ್ತದೆ. ಆತುರದಲ್ಲಿ ಆಕೆ ಚಿಹ್ನೆ ಹಾಕಿರಲಿಲ್ಲ. ಪ್ರಯೋಗಕ್ಕೆಂದು ಹಿಂದೊಮ್ಮೆ ಮಾಡಿಟ್ಟುಕೊಂಡ ಹಳೆಯ ಪಟ್ಟಿಯೊಂದು ಅದೇ ಹೆಸರಿನಲ್ಲಿ ಆಕೆಯ ಖಾತೆಯಲ್ಲಿ ಬಿದ್ದಿತ್ತು. ಅಂಥ ಕಡತವೇ ಇಲ್ಲದಿದ್ದರೆ ಯಂತ್ರ ತಕರಾರು ತೆಗೆಯುತ್ತಿತ್ತು. ಇತ್ತು, ತುಟಿಪಿಟಕ್ಕೆನ್ನದೆ ಅದನ್ನೇ ಓದಿಬಿಟ್ಟಿತ್ತು.

ಚಿಹ್ನೆ ಹಾಕಿ ಓಡಿಸಿದಳು. ಓದಿದ್ದು ಒಂಬತ್ತು. ಹೊಂದಿಕೆಯಾದದ್ದು ನಲವತ್ತಮೂರು ಸಾಲು, ಮೂವತ್ತೊಂದು ಜನ. ಗಡಿಯಾರದಲ್ಲಿ ಮೂರೂ ಹತ್ತು.

ಉಗ್ರಾಣಕ್ಕೆ ಫೋನು ಮಾಡಿದರೆ ಬಿಡುವಿಲ್ಲ. ಪಟ್ಟಿ ಮುದ್ರಿಸಿಕೊಂಡು ಮೂರು ಅಂತಸ್ತು ದಡದಡ ಇಳಿದಳು. ಮುಖ್ಯಸ್ಥ ವಾರ್ಡುಗಳಿಗೆ ಫೋನಿನಲ್ಲಿ, ಗಾಬರಿಯಾಗಬೇಡಿ, ಯಾರಿಗೂ ಹೋಗಿಲ್ಲ ಎಂದು ಹೇಳುತ್ತಿದ್ದ. ಆಕೆ ಕೈ ಚಾಚಿ ಫೋನಿನ ಗುಂಡಿ ಒತ್ತಿ ಮಾತು ಕತ್ತರಿಸಿದಳು.

"ನಾನು ಕೊಟ್ಟ ಉತ್ತರ ತಪ್ಪು. ಸೊನ್ನೆ ಅಲ್ಲ, ಮೂವತ್ತೊಂದು ಜನ."

ಅವನು ರಿಸೀವರ್ ಕೆಳಗಿಟ್ಟ. "ಏನಂದ್ರಿ?"

"ಬೇರೆ ಕಡತ ಓದಿಸಿಬಿಟ್ಟೆ. ತಪ್ಪು ನನ್ನದೇ. ಬೈಯೋದಿದ್ರೆ ಆಮೇಲೆ ಬೈಯಿರಿ."

"ಈ ಸಲದ್ದು ಸರಿ ಅಂತ ಹೇಗೆ ನಂಬಲಿ?"

"ನಂಬಬೇಡಿ. ನಿಮ್ಮ ವಿತರಣೆ ಪುಸ್ತಕ ತೆಗೀರಿ. ಇದರಲ್ಲಿ ಯಾವುದಾದ್ರೂ ಮೂರು ಹೆಸರು ನೋಡಿ."

ಅವನು ಪುಟ ತಿರುವಿದ. ಮೂರೂ ಕೂಡಿದವು. ಇಬ್ಬರೂ ಪಟ್ಟಿಯನ್ನು ಹರಿದು, ಒಬ್ಬೊಬ್ಬರಿಗೂ ಫೋನು ಮಾಡಲು ಹಂಚಿಕೊಂಡರು. ಇನ್ನೊಂದಷ್ಟು ಚೂರು ನರ್ಸುಗಳ ಕೈಗೆ ಹೋಯಿತು. ಐದು ಗಂಟೆಯ ಹೊತ್ತಿಗೆ ಇಪ್ಪತ್ತೊಂಬತ್ತು ಜನ ಸಿಕ್ಕಿದ್ದರು, ಅವರಲ್ಲಿ ಯಾರೂ ಆ ಶೀಟನ್ನು ಇನ್ನೂ ಒಡೆದಿರಲಿಲ್ಲ. ಮೂವತ್ತನೆಯವರ ಸೊಸೆ ಫೋನೆತ್ತಿ, ಅತ್ತೆ ಇವತ್ತು ಬೆಳಿಗ್ಗೆ ಹೊಸ ಶೀಟಿನ ಮಾತ್ರೆ ನುಂಗಿದಾಗಿನಿಂದ ವಾಂತಿ ಮಾಡುತ್ತಿದ್ದಾರೆ, ಕಣ್ಣು ಕತ್ತಲೆ ಬರುತ್ತಿದೆಯಂತೆ ಎಂದಳು. ಅವರನ್ನು ಕರೆತರಲು ಒಂದು ಆಂಬುಲೆನ್ಸ್ ಹೊರಟಿತು.

ಉಳಿದವರು ಒಬ್ಬ ನಿವೃತ್ತ ಬಡಗಿ. ಫೋನು ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಐದೂಕಾಲಿಗೆ ಇನ್ನೊಬ್ಬ ಚಾಲಕನನ್ನು ಅಟ್ಟಿದರು. ಆಕೆ ಉಗ್ರಾಣದ ಸ್ಟೂಲಿನ ಮೇಲೆ, ಫೋನಿನ ಪಕ್ಕ ಕೂತಳು. ತಾನು ತಪ್ಪು ಉತ್ತರ ಕೊಟ್ಟು ಕಳೆದ ಅರ್ಧ ಗಂಟೆ ತಲೆಯೊಳಗೆ ಸುತ್ತು ಹೊಡೆಯುತ್ತಿತ್ತು. ಯಾರೋ ಚಹಾ ತಂದಿಟ್ಟರು, ಅದು ಕೆನೆಗಟ್ಟಿತು. ಐದೂ ಮುಕ್ಕಾಲು. ಐದೂ ಐವತ್ತು. ಆರಕ್ಕೆ ನಾಲ್ಕು ನಿಮಿಷ ಇರುವಾಗ ಫೋನು ಬಂತು.

"ಸಿಕ್ಕಿದ್ರು ಅಕ್ಕ" ಎಂದ ಚಾಲಕ. "ಹಿತ್ತಲಲ್ಲಿ ಹಲಗೆ ಕುಯ್ತಾ ಕೂತಿದ್ರು. ಕಿವಿ ಕೇಳಲ್ಲ."

"ಮಾತ್ರೆ?"

"ಒಂದೂ ಒಡೆದಿಲ್ಲ. ಶೀಟು ಕಿತ್ಕೊಂಡಿದ್ದಕ್ಕೆ ಕಳ್ಳ ಅಂತ ಅಟ್ಟಿಸಿಕೊಂಡು ಬಂದ್ರು. ಈಗ ಗೇಟಿನ ಹೊರಗೆ ನಿಂತು ಮಾತಾಡ್ತಿದ್ದೀನಿ."

ಆಕೆಗೆ ನಗು ಬಂತು, ಜೊತೆಗೆ ಅಳುವೂ ಬಂತು.

ಮರುದಿನ ವಿವರಣೆ ಬರೆದುಕೊಡಬೇಕಾಯಿತು. ಅಧಿಕಾರಿ ದನಿ ತಗ್ಗಿಸಿ, "ಸಿಸ್ಟಮ್ ದೋಷ ಅಂತ ಬರೆದುಬಿಡಿ, ಯಾರೂ ಕೆದಕಲ್ಲ" ಎಂದರು.

"ಸಿಸ್ಟಮ್ ಏನ್ಮಾಡ್ತು ಸರ್? ನಾನು ಹೇಳಿದ್ದನ್ನೇ ಓದ್ತು."

ಇದ್ದದ್ದು ಇದ್ದಂತೆ ಬರೆದಳು. ಎಚ್ಚರಿಕೆಯ ಪತ್ರ ಆಕೆಯ ಸೇವಾ ದಾಖಲೆ ಸೇರಿತು. ಮೂವತ್ತು ವರ್ಷ ದಾಟಿದ ಕೆಲಸದಲ್ಲಿ ಅದು ಮೊದಲನೆಯದು, ನುಂಗಿಕೊಳ್ಳಲು ದಿನಗಳೇ ಹಿಡಿದವು. ಆ ವಾರವೇ ತನ್ನ ಮ್ಯಾಕ್ರೊಗಳನ್ನೆಲ್ಲ ತಿದ್ದಿದಳು. ಯಾವ ಕಡತ ಓದಿದೆ, ಎಷ್ಟು ಸಾಲು ಓದಿದೆ ಎಂದು ಮೊದಲು ತೋರಿಸದೆ ಯಾವುದೂ ಉತ್ತರ ಕೊಡುವಂತಿರಲಿಲ್ಲ.

ವಾಂತಿಯಾಗಿದ್ದ ಮುದುಕಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡರು. ಆಕೆ ದಿನವೂ ವಾರ್ಡಿಗೆ ಹೋಗಿ ಬಾಗಿಲಲ್ಲೇ ಇಣುಕಿ ಬರುತ್ತಿದ್ದಳು. ಮೂರನೇ ದಿನ ತಡೆಯಲಾರದೆ ಒಳಹೋಗಿ, ನಡೆದದ್ದನ್ನೆಲ್ಲ ಹೇಳಿದಳು.

ಮುದುಕಿ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು. "ನಾನು ಮಾತ್ರೆ ನುಂಗಿದ್ದು ಬೆಳಿಗ್ಗೆ, ನೀನು ತಪ್ಪಿದ್ದು ಮಧ್ಯಾಹ್ನ. ನನ್ನ ವಾಂತಿ ನಿನ್ನ ತಲೆಗೆ ಯಾಕೆ ಕಟ್ಕೋತೀಯ?"

"ಅರ್ಧ ಗಂಟೆ ತಡ ಆಯ್ತಲ್ಲಮ್ಮ."

"ಆಯ್ತು. ಅದಕ್ಕೇನು ಮಾಡೋಕಾಗುತ್ತೆ ಈಗ." ಅವರು ದಿಂಬಿನ ಪಕ್ಕದ ಮಾತ್ರೆ ಶೀಟನ್ನು ಮುಂದೆ ತಳ್ಳಿದರು. "ನನಗೆ ಅಕ್ಷರ ಕಾಣಲ್ಲ. ಇದಾದ್ರೂ ಸರಿಯಾದ್ದಾ, ನೋಡು."

ಆಕೆ ಚೀಲದಿಂದ ಒಂಬತ್ತು ನಂಬರಿನ ಪಟ್ಟಿ ತೆಗೆದು ಮಡಿಲ ಮೇಲೆ ಹರವಿಕೊಂಡಳು. ಶೀಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಅಚ್ಚಾಗಿದ್ದ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದಳು.